ಬಸ್ಸು ಹೊರಡುವ ಮುನ್ನ

ಹೈದರಾಬಾದಿನ ಮಹಾತ್ಮಾ ಗಾಂಧಿ ಬಸ್ ನಿಲ್ದಾಣದಿಂದ ಬೀದರ್, ಕಲಬುರಗಿ, ರಾಯಚೂರಿಗೆ ಬಸ್ಸುಗಳು ಹೊರಡುತ್ತವೆ. ಪ್ರಯಾಣಿಕರಿಗೆ ಚಾಲಕ, ನಿರ್ವಾಹಕರ ಪರಿಚಯವಾಗುತ್ತದೆ. ಡಿಪೋದ ಮೆಕ್ಯಾನಿಕ್ ಮಾತ್ರ ಕಣ್ಣಿಗೆ ಬೀಳುವುದೇ ಇಲ್ಲ.

ಈ ನಗರದಲ್ಲಿ ಅವರ ಕಸುಬು ಹಳೆಯದು. 1932ರಲ್ಲಿ ನಿಜಾಮರ ರೈಲ್ವೆಯ ರಸ್ತೆ ಸಾರಿಗೆ ವಿಭಾಗ ಶುರುವಾದಾಗ ಇದ್ದದ್ದು 27 ಬಸ್ಸು, 166 ನೌಕರರು. ಆಗ ನಮ್ಮ ಈ ಮೂರೂ ಜಿಲ್ಲೆಗಳು ಅದೇ ನಿಜಾಮರ ಸಂಸ್ಥಾನದಲ್ಲಿದ್ದವು.

ದೊಡ್ಡ ಬಸ್ಸಿನ ಬ್ರೇಕು ಕೆಲಸ ಮಾಡುವುದು ಗಾಳಿಯ ಒತ್ತಡದಿಂದ. ಗಾಳಿಯ ಟ್ಯಾಂಕಿನಲ್ಲಿ ನೀರಿನ ಪಸೆ ಸೇರಿದರೆ ವಾಲ್ವುಗಳು ತುಕ್ಕು ಹಿಡಿಯುತ್ತವೆ. ಆದ್ದರಿಂದ ಮೆಕ್ಯಾನಿಕ್ ಗುಂಡಿಗಿಳಿದು, ಬಸ್ಸಿನಡಿ ತಲೆಯೆತ್ತಿ ನಿಂತು ಆ ನೀರನ್ನು ಹೊರಬಿಡುತ್ತಾರೆ, ಬ್ರೇಕ್ ಲೈನರ್ ಸವೆತ ನೋಡುತ್ತಾರೆ, ಚಕ್ರದ ನಟ್ಟು ಬಿಗಿಮಾಡುತ್ತಾರೆ. ಸಣ್ಣ ಸೋರಿಕೆಯನ್ನು ಕಿವಿಯಿಂದಲೇ ಪತ್ತೆಹಚ್ಚುವವರು ಇವರು!

2020ರ ಏಪ್ರಿಲ್ 1ರಿಂದ ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಬಂತು. ಹೊಸ ಡೀಸೆಲ್ ಎಂಜಿನ್‌ಗಳಲ್ಲಿ ಸೆನ್ಸರ್‌ಗಳು ಹೆಚ್ಚಾದವು; ಸ್ಪ್ಯಾನರ್ ಹಿಡಿದ ಕೈ ಸ್ಕ್ಯಾನರ್ ಹಿಡಿಯುವುದನ್ನೂ ಕಲಿಯಬೇಕಾಯಿತು.

ಇಷ್ಟು ಜೀವಗಳ ಹೊಣೆ ಹೊತ್ತವರಿಗೆ ಒಳ್ಳೆಯ ಬೆಳಕು, ಕೈಗವಸು, ಹೊಸ ತರಬೇತಿ ಸಿಗಲೇಬೇಕು. ಬಸ್ಸು ಸ್ವಲ್ಪ ತಡವಾದರೆ, ಡಿಪೋದಲ್ಲಿ ಅದರ ಬ್ರೇಕು ನೋಡುತ್ತಿರುವವರನ್ನು ದಯವಿಟ್ಟು ಅವಸರಪಡಿಸಬೇಡಿ.