ಬೆಂಕಿ ಆರಿದ ಮೇಲೆ ಮಳೆಯ ಭಯ



ಗುಡ್ಡಕ್ಕೆ ಬೆಂಕಿ ಬಿತ್ತು, ಆರಿತು, ಸದ್ಯ ಪಾರಾದೆವು ಅಂತ ಅಂದುಕೊಳ್ಳುತ್ತೇವೆ. ಆದರೆ ಬೆಂಕಿಯ ಹಿಂದೆಯೇ ಬರುವ ಮೊದಲ ಜೋರು ಮಳೆ ಅದಕ್ಕಿಂತ ಕೆಟ್ಟದ್ದಾಗಬಹುದು. ಒಂದು ಉದಾಹರಣೆ ಕೇಳಿ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2017ರ ಡಿಸೆಂಬರ್ 4ರಂದು ಹತ್ತಿದ ಕಾಡುಗಿಚ್ಚು ಸುಮಾರು 2 ಲಕ್ಷ 80 ಸಾವಿರ ಎಕರೆ ಸುಟ್ಟಿತು. ಆ ಸುಟ್ಟ ಬೆಟ್ಟಗಳ ಬುಡದಲ್ಲಿ ಮಾಂಟೆಸಿಟೊ ಎಂಬ ಊರಿದೆ. 2018ರ ಜನವರಿ 9ರ ಬೆಳಗಿನ ಜಾವ, ಐದೇ ನಿಮಿಷದಲ್ಲಿ ಅರ್ಧ ಅಂಗುಲಕ್ಕೂ ಮಿಕ್ಕಿ ಮಳೆ ಸುರಿಯಿತು. ಕೆಸರು, ಮರ, ಬಂಡೆ ಒಂದಾಗಿ ಹಳ್ಳಗಳಲ್ಲಿ ನುಗ್ಗಿ ಬಂದವು. 23 ಜನ ಸತ್ತರು.

ಅಷ್ಟು ಮಳೆಗೆ ಇಷ್ಟೊಂದು ಹಾನಿಯೇ ಅಂತೀರಾ? ಕಾರಣವಿದೆ. ತರಗೆಲೆ, ಹುಲ್ಲು ಮಳೆಹನಿಯ ಪೆಟ್ಟನ್ನು ತಾವು ತಿಂದು ಮಣ್ಣನ್ನು ಕಾಯುತ್ತವೆ. ಬೆಂಕಿ ಆ ಹೊದಿಕೆಯನ್ನೇ ಸುಡುತ್ತದೆ. ಅಲ್ಲಿಯ ಕುರುಚಲು ಗಿಡ ಉರಿದಾಗ ಅದರ ಮೇಣದಂಥ ಅಂಶ ಮಣ್ಣಿಗಿಳಿದು ಅಂಟುತ್ತದೆ. ಆಮೇಲೆ ಕೆಸುವಿನೆಲೆಯ ಮೇಲಿನ ನೀರಿನಂತೆ ಮಳೆನೀರು ಇಂಗದೆ ಜಾರಿಬಿಡುತ್ತದೆ.

ಮಾಂಟೆಸಿಟೊ ನಿಂತಿರುವ ನೆಲವೂ ಹಿಂದೆ ಇಂಥ ಪ್ರವಾಹಗಳೇ ತಂದು ಹರಡಿದ್ದು. ಬೆಟ್ಟ ದಿನದಿನವೂ ಒಂದೇ ಸಮನಾಗಿ ಸವೆಯುವುದಿಲ್ಲ. ಬಹುಕಾಲದ ಸವಕಳಿ ಒಂದೇ ರಾತ್ರಿ ಆಗಿಬಿಡುವುದುಂಟು.

ಇದಕ್ಕೂ ಲೆಕ್ಕವಿದೆ. ಎಲ್ಲಿ ಎಷ್ಟು ಸುಟ್ಟಿದೆ ಎಂದು ಉಪಗ್ರಹದ ಚಿತ್ರದಿಂದ ತಿಳಿದು, ಇಳಿಜಾರು, ಮಣ್ಣಿನ ಗುಣ ಸೇರಿಸಿ, 15 ನಿಮಿಷದಲ್ಲಿ ಎಷ್ಟು ಮಳೆಯಾದರೆ ಯಾವ ಹಳ್ಳ ಕೆಸರಾಗಿ ಇಳಿದೀತು ಎಂದು ಅಲ್ಲಿಯ ಭೂವಿಜ್ಞಾನ ಇಲಾಖೆ ನಕ್ಷೆ ಮಾಡುತ್ತದೆ. ಈ ಲೆಕ್ಕದಲ್ಲಿ ಮಳೆ ನಮ್ಮ ಕೈಯಲ್ಲಿಲ್ಲ, ಬೆಟ್ಟವೂ ಇಲ್ಲ. ನೆಲದ ಹೊದಿಕೆ ಮಾತ್ರ ಸ್ವಲ್ಪ ನಮ್ಮ ಕೈಯಲ್ಲಿದೆ.

ನಮ್ಮ ಬಂಡೀಪುರದ ಕಾಡೂ 2019ರ ಫೆಬ್ರವರಿಯಲ್ಲಿ ಉರಿಯಿತು. ನಮ್ಮ ಗಿಡ ಬೇರೆ, ಮಣ್ಣು ಬೇರೆ. ಆದರೂ ಬರಿಯ ನೆಲಕ್ಕೆ ಮಳೆಯ ಪೆಟ್ಟು ಒಂದೇ. ಬೇಸಿಗೆಯ ಬೆಂಕಿಯ ಬೆನ್ನಿಗೇ ಇಲ್ಲಿ ಗುಡುಗು ಮಳೆ ಬರುತ್ತದೆ. ಆದ್ದರಿಂದ ನಿಮ್ಮ ಇಳಿಜಾರು ಜಮೀನು ಸುಟ್ಟರೆ ಕೂಡಲೇ ಉಳಬೇಡಿ, ದನ ಬಿಡಬೇಡಿ. ಒಣಹುಲ್ಲು ಹರಡಿ. ಕೊಂಬೆಗಳನ್ನು ಇಳಿಜಾರಿಗೆ ಅಡ್ಡಲಾಗಿ, ನೆಲಕ್ಕೆ ಒತ್ತಿಕೊಂಡಿರುವಂತೆ ಹಾಕಿ. ಮಳೆಗೆ ಮುಂಚೆ ಬದು, ಕಾಲುವೆ ಸರಿಮಾಡಿಕೊಳ್ಳಿ. ಸುಟ್ಟ ಗುಡ್ಡದ ಮೇಲೆ ಜೋರು ಮಳೆ ಹಿಡಿದರೆ ಹಳ್ಳದ ದಡ ಬಿಟ್ಟು ಮಕ್ಕಳು ಮರಿಯೊಡನೆ ಎತ್ತರಕ್ಕೆ ಹೋಗಿ.

ಕಾಡಂಚಿನ ಕಸಕ್ಕೆ ಕಡ್ಡಿ ಗೀರುವ ಮುನ್ನ ಇದೊಂದು ನೆನಪಿರಲಿ: ಸುಟ್ಟ ಹುಲ್ಲು ಮತ್ತೆ ಚಿಗುರೀತು, ಕೊಚ್ಚಿಹೋದ ಮಣ್ಣು ತಿರುಗಿ ಗುಡ್ಡ ಹತ್ತುವುದಿಲ್ಲ.