ತರಗತಿಯಲ್ಲಿ ಬಾಯಿಬಿಡುವ ಧೈರ್ಯ

ಕನ್ನಡ ಮಾಧ್ಯಮದ ಒಂದು ಎಂಟನೆಯ ತರಗತಿಯನ್ನು ತಾವು ಊಹಿಸಿಕೊಳ್ಳಿ. ಇಂಗ್ಲಿಷ್ ಪಾಠ ನಡೆದಿದೆ. ಉಪಾಧ್ಯಾಯರು ಪ್ರಶ್ನೆ ಕೇಳುತ್ತಾರೆ. ಉತ್ತರ ಬಲ್ಲ ಹುಡುಗರು ನಾಲ್ಕಾರು ಮಂದಿಯಾದರೂ ಇದ್ದಾರೆ. ಆದರೆ ಎಲ್ಲರ ಕಣ್ಣೂ ಪುಸ್ತಕದ ಮೇಲೆ. ಇದನ್ನು ದಡ್ಡತನವೆಂದೋ ಸೋಮಾರಿತನವೆಂದೋ ಕರೆದು ಮುಂದೆ ಹೋಗುವುದು ವಾಡಿಕೆ. ನಿಜಕ್ಕೂ ಆ ಮಕ್ಕಳು ಲೆಕ್ಕದಲ್ಲಿ ಜಾಣರೇ. ಎದ್ದು ನಿಂತು ಕ್ರಿಯಾಪದ ತಪ್ಪಿದರೆ ನಲವತ್ತು ಮಂದಿಯ ನಗು. ಸುಮ್ಮನಿದ್ದರೆ ಕಳೆದುಕೊಳ್ಳುವುದೇನೂ ಇಲ್ಲ.

ಆದರೆ ಪರಭಾಷೆ ಒಲಿಯುವುದು ಆಡಿದವನಿಗೆ. ಆಡಹೊರಟಾಗಲೇ ತನಗೆ ಯಾವ ಮಾತು ಬಾರದೆಂಬುದು ತಿಳಿಯುತ್ತದೆ. 1975ರಲ್ಲಿ ಜೋನ್ ರೂಬಿನ್ ಎಂಬ ವಿದುಷಿ, ಭಾಷೆಯನ್ನು ಚೆನ್ನಾಗಿ ಕಲಿಯುವವರ ಲಕ್ಷಣಗಳಲ್ಲಿ ಊಹಿಸಲು ಹಿಂಜರಿಯದಿರುವುದನ್ನೂ ನಗೆಗೀಡಾಗಲು ಅಂಜದಿರುವುದನ್ನೂ ಎಣಿಸಿದರು. ಸರಿಯಾದ ಮಾತೇ. ಹಾಗೆಂದು "ಧೈರ್ಯ ಮಾಡೋ" ಎಂದು ಹುಡುಗನನ್ನು ಗದರಿದರೆ ಧೈರ್ಯ ಬಂದೀತೇ? ಅಪಾಯವನ್ನು ತಗ್ಗಿಸುವುದು ಉಪಾಧ್ಯಾಯರ ಕೈಯಲ್ಲಿದೆ.

ಇದಕ್ಕೆ ನಿದರ್ಶನ ದೂರದ್ದಲ್ಲ. 1979ರಿಂದ 1984ರವರೆಗೆ ಎನ್. ಎಸ್. ಪ್ರಭು ಅವರು ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ನೆರವಿನಿಂದ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿದರು. ಅಲ್ಲಿ ವ್ಯಾಕರಣದ ಪಾಠವಿಲ್ಲ. ರೈಲಿನ ವೇಳಾಪಟ್ಟಿ, ಊರಿನ ನಕ್ಷೆ, ಇಂಥವನ್ನು ಮುಂದಿಟ್ಟು ಪ್ರಶ್ನೆ ಕೇಳುವುದು. ಈ ಗಾಡಿ ಎಷ್ಟು ಹೊತ್ತಿಗೆ ಹೊರಡುತ್ತದೆ? ಆ ಊರಿಗೆ ಮಧ್ಯಾಹ್ನದೊಳಗೆ ತಲಪಬೇಕಾದರೆ ಯಾವುದನ್ನು ಹಿಡಿಯಬೇಕು? ಒಂದೇ ಒಂದು ಪದದಲ್ಲಿ, ಒಂದು ಸಂಖ್ಯೆಯಲ್ಲಿ ಹೇಳಿದರೂ ಉತ್ತರವೇ. ಹುಡುಗನ ಗಮನವೆಲ್ಲ ಗಾಡಿಯ ಮೇಲೆ. "ಟ್ರೇನ್ ಕಮ್ ಟೆನ್" ಎಂದನೆನ್ನಿ. ಉಪಾಧ್ಯಾಯರು ಹೌದೆಂದು ಒಪ್ಪಿ, ಅದನ್ನೇ ಸರಿಯಾಗಿ ತಾವೊಮ್ಮೆ ಆಡಿ ಮುಂದುವರಿಯಬೇಕು. ತೊದಲುವ ಕೂಸಿನೊಡನೆ ತಾಯಿ ಮಾಡುವುದೂ ಇಷ್ಟೇ. ಮೊದಲೊಂದು ಲೆಕ್ಕವನ್ನು ಎಲ್ಲರೆದುರು ಕೂಡಿ ಬಿಡಿಸಿದ ಮೇಲೆಯೇ ಅದೇ ಬಗೆಯ ಇನ್ನೊಂದನ್ನು ಮಗು ತಾನೇ ಬಿಡಿಸುವುದು. ತರಗತಿಯ ಅರ್ಧದಷ್ಟು ಮಕ್ಕಳು ಕೆಲಸದ ಅರ್ಧವನ್ನಾದರೂ ಮಾಡುವಂತಿದ್ದರೆ ಅದು ತಕ್ಕ ಕಷ್ಟ ಎಂಬುದು ಅವರ ಅಳತೆ.

ಮಕ್ಕಳನ್ನು ಗುಂಪುಗೂಡಿಸಿ ಮಾತಾಡಿಸುವುದನ್ನು ಪ್ರಭು ಅವರು ಒಪ್ಪಲಿಲ್ಲ. ಒಬ್ಬರ ತಪ್ಪು ಇನ್ನೊಬ್ಬರಲ್ಲಿ ನೆಲೆಯೂರೀತೆಂಬ ಶಂಕೆ. ಇಲ್ಲಿ ಮಾತ್ರ ನನಗೆ ಭಿನ್ನಾಭಿಪ್ರಾಯವುಂಟು. ತೀರ ಸಂಕೋಚದ ಮಗು ಮೊದಲು ಪಕ್ಕದವಳ ಕಿವಿಯಲ್ಲಿ ಹೇಳಿ ನೋಡಲಿ; ನಲವತ್ತು ಮಂದಿಯ ಎದುರಿಗಿಂತ ಒಬ್ಬಳ ಎದುರು ಎಡವುವುದು ಸುಲಭ.

ಇನ್ನೊಂದು ಉಪಾಯಕ್ಕೆ ಕಾಸಿನ ಖರ್ಚೂ ಇಲ್ಲ. ಮೇರಿ ಬಡ್ ರೋ ಎಂಬವರು ಅಮೆರಿಕದ ವಿಜ್ಞಾನ ತರಗತಿಗಳನ್ನು ಪರಿಶೀಲಿಸಿ, ಪ್ರಶ್ನೆಯ ಬಳಿಕ ಉಪಾಧ್ಯಾಯರು ಕಾಯುವುದು ಸುಮಾರು ಒಂದೇ ಸೆಕೆಂಡು ಎಂದು 1970ರ ದಶಕದಲ್ಲಿ ತೋರಿಸಿದರು. ಮೂರು ಸೆಕೆಂಡು ಕಾದಾಗ ಉತ್ತರಗಳು ಉದ್ದವಾದವು, ಸುಮ್ಮನಿರುತ್ತಿದ್ದವರೂ ಬಾಯಿಬಿಟ್ಟರು. ಅವರಾದರೋ ಹೆಚ್ಚಾಗಿ ತಮ್ಮದೇ ನುಡಿಯಲ್ಲಿ ಉತ್ತರಿಸುತ್ತಿದ್ದ ಮಕ್ಕಳು. ವಾಕ್ಯದ ಕೊನೆಗೆ ಬರುವ ನಮ್ಮ ಕ್ರಿಯಾಪದವನ್ನು ನಡುವಿಗೆ ತಂದು ನಿಲ್ಲಿಸಬೇಕಾದ ಹುಡುಗನಿಗೆ ಐದಾರು ಸೆಕೆಂಡಾದರೂ ಬೇಡವೇ? ತಾವು ಉಪಾಧ್ಯಾಯರಾಗಿದ್ದರೆ ನಾಳೆ ಪ್ರಶ್ನೆ ಕೇಳಿ, ಮನಸ್ಸಿನಲ್ಲೇ ಆರರವರೆಗೆ ಎಣಿಸಿ ನೋಡಿ. ಮೊದಲ ದಿನ ಆ ಮೌನ ಮಕ್ಕಳಿಗಿಂತ ತಮಗೇ ಹೆಚ್ಚು ಭಾರವೆನಿಸೀತು.