ನೂತನ ನ್ಯಾಯವಾದಿಯ ಪರಿಚಯ



ನೂತನ ನ್ಯಾಯವಾದಿಯನ್ನು ವಕೀಲವೃಂದಕ್ಕೆ ಪರಿಚಯಿಸುವಾಗ ಅವರ ವಿದ್ಯೆಯನ್ನೂ ಗುರುಗಳನ್ನೂ ಹೊಗಳುವುದು ವಾಡಿಕೆ. ಕಾನೂನು ಅದಕ್ಕೂ ಮುನ್ನ ಕೇಳುವ ಪ್ರಶ್ನೆಯೊಂದುಂಟು: ಇವರು ಯಾವ ದೇಶದ ಪ್ರಜೆ?

ಬಹುಮಂದಿಗೆ ಇದು ಪ್ರಶ್ನೆಯೇ ಅಲ್ಲ. ಹುಣಸೂರು ತಾಲ್ಲೂಕಿನ ಗುರುಪುರದಲ್ಲಾದರೋ ಅದು ಬಾಳಿನ ಪ್ರಶ್ನೆ. 1970ರ ದಶಕದಲ್ಲಿ ಟಿಬೆಟ್ಟಿನ ನಿರಾಶ್ರಿತರು ಅಲ್ಲಿ ನೆಲೆಸಿ ಮುಸುಕಿನ ಜೋಳ ಬೆಳೆದರು. ಮಕ್ಕಳು ಇಲ್ಲಿಯೇ ಹುಟ್ಟಿದರು. ಅಂಥ ಮನೆಯ ಮಗಳೊಬ್ಬಳು ಕಾನೂನಿನ ಪದವಿ ಪಡೆದಳೆನ್ನೋಣ. 1961ರ ನ್ಯಾಯವಾದಿಗಳ ಅಧಿನಿಯಮದ 24ನೆಯ ಪ್ರಕರಣವು ಮೊದಲು ಕೇಳುವುದು ಭಾರತದ ಪೌರತ್ವವನ್ನು. ಭಾರತೀಯರಿಗೆ ತನ್ನಲ್ಲಿ ವಕೀಲಿ ಮಾಡಗೊಡುವ ದೇಶದ ಪ್ರಜೆಗೂ ಅವಕಾಶವುಂಟು. ದೇಶವನ್ನೇ ಕಳೆದುಕೊಂಡವರಿಗೆ ಆ ಬಾಗಿಲೂ ಇಲ್ಲ.

ಹಾಗಾದರೆ ದಾರಿಯೇನು? 1950ರ ಜನವರಿ 26ರಿಂದ ಮೊದಲ್ಗೊಂಡು 1987ರ ಜುಲೈ 1ಕ್ಕೆ ಮುಂಚೆ ಇಲ್ಲಿ ಹುಟ್ಟಿದವರು ಜನ್ಮತಃ ಭಾರತೀಯರೆಂಬುದು ಪೌರತ್ವ ಅಧಿನಿಯಮದ ವಿಧಿ. ಇದು ಟಿಬೆಟ್ಟಿನವರಿಗೂ ಸಲ್ಲುವುದೆಂದು ಕರ್ನಾಟಕದ ಉಚ್ಚ ನ್ಯಾಯಾಲಯವು 2013ರಲ್ಲಿ ತೀರ್ಮಾನಿಸಿತು. ತಾಯಿ 1975ರಲ್ಲಿ ಗುರುಪುರದಲ್ಲಿ ಹುಟ್ಟಿದ್ದರೆ, 2000ದಲ್ಲಿ ಅಲ್ಲಿಯೇ ಹುಟ್ಟಿದ ಮಗಳಿಗೂ ಆ ಹಕ್ಕು ಬರುವುದು. ತಂದೆತಾಯಿಗಳಿಬ್ಬರೂ ಟಿಬೆಟ್ಟಿನಲ್ಲಿ ಹುಟ್ಟಿ ವಿದೇಶೀಯರಾಗಿಯೇ ಉಳಿದಿದ್ದರೆ, ಅದೇ ವರ್ಷ ಹುಟ್ಟಿದ ನೆರೆಮನೆಯ ಗೆಳತಿಗೆ ಹುಟ್ಟಿನಿಂದ ಆ ಹಕ್ಕು ಬಾರದು.

ಆದುದರಿಂದ ಇಂಥವಳನ್ನು ಪರಿಚಯಿಸುವಾಗ ತಾಯಿಯ ಹೆಸರು ಹೇಳುವುದು ಬರಿಯ ಉಪಚಾರವಲ್ಲ. ಆ ತಾಯಿಯ ಜನನಪತ್ರವೇ ಮಗಳ ಕರಿಯ ನಿಲುವಂಗಿಗೆ ಆಧಾರ. ಅದನ್ನು ತೊಟ್ಟವಳು ಮೊದಲು ಓದಬೇಕಾದ ಕಾಗದಪತ್ರಗಳು ನೆರೆಮನೆಯಲ್ಲಿಯೇ ಕಾದಿವೆ.